ಬೆನ್ನುಹುರಿಗೆ ಕೈ ಹಾಕಿದ ವೈದ್ಯ ಸರ್ ವಿಕ್ಟರ್ ಹಾರ್ಸ್ಲಿ

ಡೊಂಬಿವಲಿಯ ನಮ್ಮ ಮನೆಯಲ್ಲಿ ಅತ್ತೆಗೆ ಬೆನ್ನುನೋವು ಶುರುವಾದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ವಯಸ್ಸಾಯಿತು, ಗ್ಯಾಸ್ ಇರಬೇಕು, ಮೂರು ಮಹಡಿ ಹತ್ತಿಳಿದ ಆಯಾಸ ಎಂದು ನಾವೇ ತೀರ್ಮಾನಿಸಿಬಿಟ್ಟೆವು. ನವಿ ಮುಂಬಯಿಯ ಆಫೀಸಿನಿಂದ ರಾತ್ರಿ ಬಂದು ನಾನು ಮುಲಾಮು ಹಚ್ಚುತ್ತಿದ್ದೆ, ಅಷ್ಟೆ. ಒಂದು ದಿನ ನಡೆಯುವಾಗ ಕಾಲಿನಿಂದ ಚಪ್ಪಲಿ ಜಾರಿದ್ದು ಅವರಿಗೇ ತಿಳಿಯಲಿಲ್ಲ. ಕಲ್ಯಾಣದಲ್ಲಿ ಎಂಆರ್‌ಐ ಮಾಡಿಸಿದಾಗ ಬೆನ್ನುಹುರಿಯನ್ನು ಒತ್ತುತ್ತಿದ್ದ ಸಣ್ಣ ಗೆಡ್ಡೆ ಕಂಡಿತು. ಥಾಣೆಯಲ್ಲಿ ಶಸ್ತ್ರಚಿಕಿತ್ಸೆ ನಡೆಯುತ್ತಿದ್ದ ಹೊತ್ತು, ಹೊರಗೆ ಕುಳಿತು ಮೊಬೈಲಿನಲ್ಲಿ ಇದರ ಬಗ್ಗೆ ಓದುತ್ತಿದ್ದ ನನಗೆ ಪರಿಚಯವಾದವರು ವಿಕ್ಟರ್ ಹಾರ್ಸ್ಲಿ.

ಹಾರ್ಸ್ಲಿ ಹುಟ್ಟಿದ್ದು 1857ರ ಏಪ್ರಿಲ್ 14ರಂದು, ಲಂಡನ್ನಿನಲ್ಲಿ. ತಂದೆ ಚಿತ್ರಕಾರ. ಮಗ ಯೂನಿವರ್ಸಿಟಿ ಕಾಲೇಜಿನಲ್ಲಿ ವೈದ್ಯಕೀಯ ಓದಿ, 1886ರಲ್ಲಿ ಕ್ವೀನ್ ಸ್ಕ್ವೇರ್‌ನ ನರರೋಗಗಳ ಆಸ್ಪತ್ರೆಗೆ ಶಸ್ತ್ರವೈದ್ಯರಾಗಿ ಸೇರಿದರು. ಆಗಿನ್ನೂ ಎಕ್ಸ್‌ರೇ ಕೂಡ ಇರಲಿಲ್ಲ. ಬೆನ್ನುಹುರಿಯಲ್ಲಿ ಗೆಡ್ಡೆ ಎಂದರೆ ಕಾಲು ಸೋತು ಹಾಸಿಗೆ ಹಿಡಿದು ಸಾಯುವುದೇ ಗತಿಯಾಗಿತ್ತು.

ಗಿಲ್ಬಿ ಎಂಬ 42 ವರ್ಷದ ಸೇನಾ ಕ್ಯಾಪ್ಟನ್ನರಿಗೆ 1884ರಿಂದ ಎಡ ಹೆಗಲೆಲುಬಿನ ಕೆಳಗೆ ನೋವು. ಹಲವು ವೈದ್ಯರನ್ನು ಕಂಡರೂ ಕಾರಣ ತಿಳಿಯಲಿಲ್ಲ. 1887ರ ಹೊತ್ತಿಗೆ ಎರಡೂ ಕಾಲು ಸೋತಿದ್ದವು. ನರರೋಗ ತಜ್ಞ ವಿಲಿಯಂ ಗವರ್ಸ್, ನೋವು ಎಲ್ಲಿ ಶುರುವಾಯಿತು, ಸ್ಪರ್ಶಜ್ಞಾನ ಮೈಯಲ್ಲಿ ಯಾವ ಮಟ್ಟದವರೆಗೆ ಹೋಗಿದೆ ಎಂದು ನೋಡಿಯೇ ಗೆಡ್ಡೆಯ ಜಾಗವನ್ನು ಲೆಕ್ಕ ಹಾಕಿದರು. ಹಾರ್ಸ್ಲಿಯವರನ್ನು ಕರೆಸಿದರು.

ಜೂನ್ 9ರಂದು ಹಾರ್ಸ್ಲಿ ಬೆನ್ನು ತೆರೆದರು. ಊಹಿಸಿದ ಜಾಗದಲ್ಲಿ ಗೆಡ್ಡೆ ಕಾಣಲಿಲ್ಲ! ಅಲ್ಲಿಗೇ ಮುಚ್ಚಿಬಿಡಬಹುದಿತ್ತು. ಹಾಗೆ ಮಾಡದೆ, ಇನ್ನೂ ಸ್ವಲ್ಪ ಮೇಲಿನ ಮೂಳೆ ತೆಗೆದು ನೋಡಿದರು. ಬಾದಾಮಿಯಾಕಾರದ ಗೆಡ್ಡೆ ಅಲ್ಲಿತ್ತು. ಬೆನ್ನುಹುರಿಯ ಪೊರೆಯೊಳಗಿನ ಗೆಡ್ಡೆಯನ್ನು ಯಶಸ್ವಿಯಾಗಿ ತೆಗೆದ ಮೊದಲ ಶಸ್ತ್ರಚಿಕಿತ್ಸೆ ಎಂದು ಇದು ಹೆಸರಾಯಿತು. ಒಂದು ವರ್ಷದ ಬಳಿಕ ಕ್ಯಾಪ್ಟನ್ ದಿನಕ್ಕೆ 16 ಗಂಟೆ, ಓಡಾಡಿಕೊಂಡೇ ಕೆಲಸ ಮಾಡುತ್ತಿದ್ದರು. ಗವರ್ಸ್ ಮತ್ತು ಹಾರ್ಸ್ಲಿ 1888ರಲ್ಲಿ ಈ ಪ್ರಕರಣವನ್ನು ಪ್ರಕಟಿಸಿದರು.

ಹಾರ್ಸ್ಲಿ ಅಷ್ಟಕ್ಕೇ ನಿಲ್ಲಲಿಲ್ಲ. ಮೂಳೆಯಿಂದ ಒಸರುವ ರಕ್ತವನ್ನು ತಡೆಯಲು ಜೇನುಮೇಣದ ಮಿಶ್ರಣ ಬಳಸಿದರು. ನಮ್ಮಲ್ಲಿ ಎಷ್ಟೋ ಮಹಿಳೆಯರನ್ನು ಕಾಡುವ ಥೈರಾಯ್ಡ್ ಬಗ್ಗೆಯೂ ಮುಖ್ಯ ಪ್ರಯೋಗಗಳನ್ನು ಮಾಡಿದರು. 1902ರಲ್ಲಿ ಸರ್ ಪದವಿ ಬಂತು. ಮಹಿಳೆಯರಿಗೆ ಮತದಾನದ ಹಕ್ಕು ಬೇಕೆಂದು ಬಹಿರಂಗವಾಗಿ ಹೋರಾಡಿದರು. ಉಪವಾಸ ಹಿಡಿದ ಹೋರಾಟಗಾರ್ತಿಯರಿಗೆ ಜೈಲಿನಲ್ಲಿ ಬಲವಂತವಾಗಿ ಆಹಾರ ತುರುಕುವುದನ್ನು ಖಂಡಿಸಿದರು. ಮದ್ಯಪಾನದ ಕೆಡುಕಿನ ಕುರಿತು ಮೇರಿ ಸ್ಟರ್ಜ್ ಎಂಬ ವೈದ್ಯೆಯೊಂದಿಗೆ ಪುಸ್ತಕ ಬರೆದರು.

ಮೊದಲ ಮಹಾಯುದ್ಧದಲ್ಲಿ, ಐವತ್ತು ದಾಟಿದ್ದರೂ, ಸೇನೆಗೆ ಸೇರಿದರು. ನಮ್ಮ ದೇಶದ ಸಾವಿರಾರು ಸೈನಿಕರು ಹೋರಾಡಿದ ಮೆಸೊಪೊಟೇಮಿಯಾದ, ಅಂದರೆ ಇಂದಿನ ಇರಾಕಿನ, ಸುಡುಬಿಸಿಲಿಗೆ ಹೋದರು. 1916ರ ಜುಲೈ 16ರಂದು ಅಮಾರಾದಲ್ಲಿ ತೀರಿಕೊಂಡಾಗ ಅವರಿಗೆ 59 ವರ್ಷ.

ನಮ್ಮ ಅತ್ತೆ ಈಗ ಕೋಲು ಹಿಡಿದು ಕೆಳಗಿನ ಅಂಗಳದವರೆಗೆ ತಾವೇ ಹೋಗಿ ಬರುತ್ತಾರೆ. ಎಡಗಾಲಿನ ಜೋಮು ಪೂರ್ತಿ ಹೋಗಿಲ್ಲ. ಬೇಗ ತೋರಿಸಿದ್ದರೆ ಅದೂ ಹೋಗುತ್ತಿತ್ತೇನೋ ಎಂಬ ಅಳುಕು ನನಗೆ ಇದ್ದೇ ಇದೆ. ಎಂಟೆಕ್ ಓದಿದವಳು ನಾನು. ಆಫೀಸಿನಲ್ಲಿ ಸಣ್ಣ ದೋಷದ ಮೂಲವನ್ನೂ ಬಿಡದೆ ಹುಡುಕುವವಳು ಮನೆಯವರ ನೋವಿನ ಮೂಲ ಕೇಳಲಿಲ್ಲ.

ಬೆನ್ನುನೋವೆಲ್ಲ ಗೆಡ್ಡೆಯಲ್ಲ, ಹೆದರಬೇಡಿ. ಆದರೆ ರಾತ್ರಿ ಮಲಗಿದಾಗಲೂ ಬಿಡದ ನೋವು, ಎದೆ ಸುತ್ತ ಪಟ್ಟಿ ಬಿಗಿದ ಹಾಗಾಗುವುದು, ಕಾಲಿನ ಜೋಮು, ನಡಿಗೆಯ ತಡವರಿಕೆ, ಮೂತ್ರದ ತೊಂದರೆ ಇದ್ದರೆ ಮುಲಾಮಿಗೆ ನಿಲ್ಲಿಸದೆ ತಡಮಾಡದೆ ವೈದ್ಯರಿಗೆ ತೋರಿಸಿ. ಕಾಲು ದಿಢೀರನೆ ಸೋತರೆ ಅಥವಾ ಮೂತ್ರ ನಿಂತರೆ ಒಂದು ದಿನವೂ ಕಾಯಬೇಡಿ. ಮನೆಯ ಹಿರಿಯರು ನೋವು ಎಂದಾಗ, ಎಲ್ಲಿ, ಯಾವಾಗಿನಿಂದ ಎಂದು ಕೂತು ಕೇಳೋಣ, ಗೆಳತಿಯರೇ.