ಎಡಮುರಿ, ಬಲಮುರಿ: ದೇಹದೊಳಗಿನ ಹಗ್ಗವನ್ನು ಬಿಡಿಸಿ ನೋಡಿದವರು



ಪ್ರಾರ್ಥನೆಗೆಂದು ಕೈಜೋಡಿಸುವಾಗ ಒಂದು ಸಂಗತಿಯನ್ನು ನೀವು ಗಮನಿಸಿದ್ದೀರಾ? ಅಂಗೈಗೆ ಅಂಗೈ ತಾಗಿಸಿದರೆ ಎಡಗೈ ಬಲಗೈಗಳು ಬೆರಳಿಗೆ ಬೆರಳು ಸರಿಯಾಗಿ ಕೂಡುತ್ತವೆ. ಆದರೆ ಎರಡೂ ಕೈಗಳನ್ನು ಬೋರಲಾಗಿಸಿ ಒಂದರ ಮೇಲೊಂದು ಇಟ್ಟು ನೋಡಿ. ಒಂದು ಹೆಬ್ಬೆರಳು ಇತ್ತ, ಇನ್ನೊಂದು ಅತ್ತ! ಎಷ್ಟು ತಿರುಗಿಸಿದರೂ ಎಡಗೈ ಬಲಗೈಯಾಗುವುದಿಲ್ಲ. ಕನ್ನಡಿಯಲ್ಲಿ ಮಾತ್ರ ಅದು ಬಲಗೈಯಂತೆ ಕಾಣುತ್ತದೆ. ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಿಡಿಸದಿರುವುದೂ ಇದೇ ಕಾರಣಕ್ಕೆ.

ಈ ಎಡ-ಬಲ ಭೇದ ಕಣ್ಣಿಗೆ ಕಾಣದ ಅಣುಗಳಲ್ಲಿಯೂ ಇದೆ ಎಂದರೆ ನಿಮಗೆ ಅಚ್ಚರಿಯಾದೀತು. ವಿಜ್ಞಾನಿಗಳು ಇದನ್ನು ಕೈರಾಲಿಟಿ ಎನ್ನುತ್ತಾರೆ. ಕೈ ಎಂಬ ಅರ್ಥದ ಗ್ರೀಕ್ ಪದದಿಂದ ಬಂದ ಹೆಸರದು. ಇದನ್ನು ಮೊದಲು ಕಂಡವರು ಲೂಯಿ ಪಾಶ್ಚರ್. 1848ರಲ್ಲಿ, ಇನ್ನೂ ಇಪ್ಪತ್ತೈದರ ಹರೆಯದಲ್ಲಿ, ಅವರು ಟಾರ್ಟಾರಿಕ್ ಆಮ್ಲದ ಒಂದು ಲವಣದ ಹರಳುಗಳನ್ನು ಚಿಮಟದಿಂದ ಒಂದೊಂದಾಗಿ ಹೆಕ್ಕಿ, ಎಡದ ರಾಶಿ, ಬಲದ ರಾಶಿ ಎಂದು ಬೇರ್ಪಡಿಸಿದರು. ದ್ರಾಕ್ಷಿಯಲ್ಲಿರುವ ಆ ಆಮ್ಲವೇ ನಮ್ಮ ಸಾರಿನ ಹುಣಸೆಹಣ್ಣಿನಲ್ಲಿಯೂ ಇದೆ. ಮುಂದೆ 1911ರಲ್ಲಿ ಜೂರಿಚ್ ನಗರದ ಆಲ್ಫ್ರೆಡ್ ವೆರ್ನರ್ ಎಂಬುವರು ಕೋಬಾಲ್ಟ್ ಲೋಹವನ್ನು ನಡುವೆ ಇಟ್ಟುಕೊಂಡ ಸಂಯುಕ್ತಗಳಲ್ಲಿಯೂ ಎಡ-ಬಲ ರೂಪಗಳಿವೆ ಎಂದು ತೋರಿಸಿದರು.

ಆದರೆ ಈ ವಾರ ನಿಮಗೆ ಪರಿಚಯಿಸಲಿರುವವರು ಪಾಶ್ಚರರಲ್ಲ, ವೆರ್ನರರೂ ಅಲ್ಲ. ನಮ್ಮ ಮಲ್ಲೇಶ್ವರದ ಪಕ್ಕದಲ್ಲಿಯೇ, ಬೆಂಗಳೂರಿನ ಹಿರಿಯರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಲಿತು, ಕಲಿಸಿದ ಜಿ.ಎನ್. ರಾಮಚಂದ್ರನ್ ಅವರು. ಅವರು ನಮ್ಮನ್ನಗಲಿ ಎರಡು ದಶಕಗಳು ದಾಟಿವೆ. ಜಗತ್ತಿನ ಜೀವವಿಜ್ಞಾನದ ಪಠ್ಯಪುಸ್ತಕಗಳಲ್ಲೆಲ್ಲ ಅವರ ಹೆಸರಿದೆ. ಆದರೂ ಮಲ್ಲೇಶ್ವರದ ರಸ್ತೆಗಳಲ್ಲಿ ಓಡಾಡುವ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಅವರನ್ನು ಬಲ್ಲರು?

ತಂದೆಯ ಆಸೆ, ಮಗನ ಒಲವು

ಗೋಪಾಲಸಮುದ್ರಂ ನಾರಾಯಣ ಅಯ್ಯರ್ ರಾಮಚಂದ್ರನ್ ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಕೇರಳದ ಎರ್ನಾಕುಲಂನಲ್ಲಿ. ತಂದೆ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರು. ಹೀಗಾಗಿ ಬಾಲಕನಿಗೆ ಲೆಕ್ಕದ ರುಚಿ ಮನೆಯಲ್ಲಿಯೇ ಹತ್ತಿತು. ಪದವಿ ವ್ಯಾಸಂಗಕ್ಕೆ ಸೇರಿದ್ದು ತಿರುಚಿರಾಪಳ್ಳಿಯ ಸಂತ ಜೋಸೆಫರ ಕಾಲೇಜಿಗೆ. ಯೇಸುಸಭೆಯ ಗುರುಗಳು ನಡೆಸುವ ಆ ಹಳೆಯ ವಿದ್ಯಾಸಂಸ್ಥೆಯಲ್ಲಿ ಫಾದರ್ ರಾಜಂ ಎಂಬ ಗುರುಗಳೂ ಭೌತಶಾಸ್ತ್ರದ ಅಧ್ಯಾಪಕ ಪಿ.ಇ. ಸುಬ್ರಹ್ಮಣ್ಯಂ ಅವರೂ ಈ ಹುಡುಗನ ಮನಸ್ಸನ್ನು ವಿಜ್ಞಾನದತ್ತ ತಿರುಗಿಸಿದರು. ಪ್ರೌಢಾವಸ್ಥೆಯಲ್ಲಿಯೂ ರಾಮಚಂದ್ರನ್ ಈ ಇಬ್ಬರನ್ನು ನೆನೆಯುತ್ತಿದ್ದರು.

ಪದವಿ ಮುಗಿಯಿತು. ತಂದೆಗೆ ಮಗ ಸರಕಾರಿ ಹುದ್ದೆ ಹಿಡಿಯಬೇಕೆಂಬ ಆಸೆ. ಯಾವ ತಂದೆಗಿರುವುದಿಲ್ಲ ಹೇಳಿ! ರೈಲ್ವೆ ಎಂಜಿನಿಯರಿಂಗ್ ಸೇವೆಯ ಪರೀಕ್ಷೆಗೆಂದು ಮಗ ದೆಹಲಿಗೆ ಹೋದದ್ದೂ ಆಯಿತು. ಆದರೆ ಅದರಲ್ಲಿ ಅವರಿಗೆ ಮನಸ್ಸಿರಲಿಲ್ಲ. ಪರೀಕ್ಷೆಯಲ್ಲಿ ಆಯ್ಕೆಯಾಗಲಿಲ್ಲ, ಅದಕ್ಕಾಗಿ ದುಃಖಿಸಲೂ ಇಲ್ಲ. 1942ರಲ್ಲಿ ಬೆಂಗಳೂರಿಗೆ ಬಂದು ವಿಜ್ಞಾನ ಸಂಸ್ಥೆಯ ವಿದ್ಯುತ್ ಎಂಜಿನಿಯರಿಂಗ್ ವಿಭಾಗ ಸೇರಿದರು.

ಆಗ ಅಲ್ಲಿ ಭೌತಶಾಸ್ತ್ರದ ಮುಖ್ಯಸ್ಥರಾಗಿದ್ದವರು ಸರ್ ಸಿ.ವಿ. ರಾಮನ್, ಮಲ್ಲೇಶ್ವರದ 'ಪಂಚವಟಿ' ಮನೆಯ ರಾಮನ್. ಹುಡುಗನ ಬುದ್ಧಿಯ ಹೊಳಪು ಅವರ ಕಣ್ಣಿಗೆ ಬಿತ್ತು. ಇಷ್ಟು ಜಾಣನಾದವನು ಎಂಜಿನಿಯರಿಂಗ್ ವಿಭಾಗದಲ್ಲಿ ಇರತಕ್ಕದ್ದಲ್ಲ ಎಂದು ಆ ವಿಭಾಗದ ಮುಖ್ಯಸ್ಥರಿಗೆ ಹೇಳಿ ತಮ್ಮ ಕಡೆಗೆ ಕರೆದುಕೊಂಡರಂತೆ. ಅಲ್ಲಿ ವಜ್ರಗಳನ್ನೂ ಹರಳುಗಳನ್ನೂ ಎಕ್ಸ್-ರೇಯಿಂದ ಪರೀಕ್ಷಿಸುವ ವಿದ್ಯೆ ರಾಮಚಂದ್ರನ್ ಅವರಿಗೆ ಕೈಗೂಡಿತು. 1945ರಲ್ಲಿ ರಾಜಲಕ್ಷ್ಮಿ ಅವರೊಡನೆ ವಿವಾಹವಾಯಿತು. 1947ರಿಂದ ಎರಡು ವರ್ಷ ಕೇಂಬ್ರಿಜ್‌ನಲ್ಲಿದ್ದು, ಅಲ್ಲಿನ ಡಾಕ್ಟರೇಟ್ ಪಡೆದು, 1949ರಲ್ಲಿ ಬೆಂಗಳೂರಿಗೆ ಮರಳಿ ಸಹಾಯಕ ಪ್ರಾಧ್ಯಾಪಕರಾದರು. ಸ್ಫಟಿಕಶಿಲೆಯು ತನ್ನ ಮೂಲಕ ಹಾಯುವ ಬೆಳಕಿನ ಕಂಪನವನ್ನು ಎಡಕ್ಕೋ ಬಲಕ್ಕೋ ತಿರುಗಿಸುತ್ತದೆ. ಅದು ಏಕೆ, ಹೇಗೆ ಎಂದು ಅವರು ಲೆಕ್ಕ ಹಾಕಿದ್ದು ಈ ದಿನಗಳಲ್ಲಿಯೇ. ಎಡ-ಬಲಗಳ ಒಗಟು ಅಂದಿನಿಂದಲೇ ಅವರ ಬೆನ್ನು ಹತ್ತಿತ್ತು ಎನ್ನಬಹುದು.

ಕಾಂಗರೂ ಬಾಲದ ನಾರು

1952ರಲ್ಲಿ ಮದರಾಸು ವಿಶ್ವವಿದ್ಯಾನಿಲಯವು ಈ ಮೂವತ್ತರ ತರುಣನನ್ನು ಭೌತಶಾಸ್ತ್ರದ ಮುಖ್ಯಸ್ಥನನ್ನಾಗಿ ಕರೆಯಿತು. ಹೆಸರು ಸೂಚಿಸಿದವರು ರಾಮನ್ನರೇ. ಇಂಗ್ಲೆಂಡಿನಿಂದ ಅಲ್ಲಿಗೆ ಬಂದಿದ್ದ ಜೆ.ಡಿ. ಬರ್ನಾಲ್ ಎಂಬ ವಿಜ್ಞಾನಿ, ಕೊಲಾಜೆನ್ ಎಂಬ ವಸ್ತುವಿನ ರಚನೆ ಇನ್ನೂ ಯಾರಿಗೂ ಬಗೆಹರಿದಿಲ್ಲವೆಂದು ಮಾತಿನ ನಡುವೆ ತಿಳಿಸಿದರು. ರಾಮಚಂದ್ರನ್ ಅದನ್ನೇ ಕೈಗೆತ್ತಿಕೊಂಡರು.

ಕೊಲಾಜೆನ್ ಎಂದರೇನು? ನಿಮ್ಮ ಚರ್ಮ, ಮೂಳೆ, ಕೀಲಿನ ಪಟ್ಟಿ, ಕಿವಿಯ ಹಾಲೆ ಇವೆಲ್ಲವನ್ನೂ ಹಿಡಿದು ನಿಲ್ಲಿಸಿರುವ ನಾರು ಅದು. ನಮ್ಮ ದೇಹದಲ್ಲಿ ಅತಿ ಹೆಚ್ಚಾಗಿರುವ ಪ್ರೋಟೀನು. ಮನೆಯಲ್ಲಿ ಕಾಲು ಸೂಪು ಮಾಡಿದಾಗ, ಆರಿದ ಮೇಲೆ ಅದು ಹೆಪ್ಪುಗಟ್ಟಿದಂತೆ ಗಟ್ಟಿಯಾಗುವುದನ್ನು ತಾಯಂದಿರು ಕಂಡಿರುತ್ತೀರಿ. ಬೆಂಕಿಯ ಕಾವಿಗೆ ಹುರಿ ಬಿಚ್ಚಿಕೊಂಡ ಕೊಲಾಜೆನ್ನೇ ಅದು.

ರಾಮಚಂದ್ರನ್ ಅವರೂ ಅವರ ಜೊತೆಗಾರ ಗೋಪೀನಾಥ್ ಕರ್ತಾ ಅವರೂ ನೆರೆಯ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆಯಿಂದ ಕಾಂಗರೂ ಬಾಲದ ನಾರನ್ನು ತರಿಸಿಕೊಂಡು ಎಕ್ಸ್-ರೇ ಚಿತ್ರ ತೆಗೆದರು. 1954ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅವರ ಲೇಖನ ಬಂತು: ಈ ನಾರು ಮೂರು ಎಳೆಗಳದ್ದು. ಆದರೆ ಲೆಕ್ಕ ಪೂರ್ತಿ ಕೂಡಿರಲಿಲ್ಲ. ಆಗ ಅವರಿಗೆ ಹೊಳೆದದ್ದು ಚಂದ್ರ! ಚಂದ್ರನು ತನ್ನ ಒಂದೇ ಮುಖವನ್ನು ಭೂಮಿಗೆ ತೋರುತ್ತಾ ಸುತ್ತುತ್ತಾನೆ. ಅಂತೆಯೇ ಪ್ರತಿ ಎಳೆಯೂ ತನ್ನ ಒಂದೇ ಮಗ್ಗುಲನ್ನು ನಡುವಿಗೆ ತೋರುತ್ತಾ, ತಾನೂ ಹುರಿಗೊಂಡು, ಮತ್ತೆರಡು ಎಳೆಗಳ ಜೊತೆಗೂ ಹುರಿಗೊಂಡರೆ? 1955ರಲ್ಲಿ ಈ ತಿದ್ದಿದ ರೂಪ ಪ್ರಕಟವಾಯಿತು.

ಶ್ರೀರಂಗಪಟ್ಟಣದ ಬಳಿಯ ಎಡಮುರಿ, ಬಲಮುರಿಗೆ ನೀವು ಬುತ್ತಿ ಕಟ್ಟಿಕೊಂಡು ಹೋಗಿರಬಹುದು. ಆ ಎರಡು ಹೆಸರುಗಳನ್ನೇ ಇಲ್ಲಿ ಎರವಲು ಪಡೆಯೋಣ. ಬಾಗಿಲಿಗೆ ಹಾಕುವ ಮಾಮೂಲಿ ಸ್ಕ್ರೂವಿನ ಸುತ್ತು ಬಲಮುರಿ ಎಂದಿಟ್ಟುಕೊಳ್ಳಿ. ಅದರ ಕನ್ನಡಿ ಪ್ರತಿಬಿಂಬ ಎಡಮುರಿ. ಕೊಲಾಜೆನ್ನಿನ ಒಂದೊಂದು ಎಳೆಯೂ ಎಡಮುರಿ. ಮೂರೂ ಸೇರಿ ಹೆಣೆದುಕೊಂಡಾಗ ಆ ಹೆಣಿಗೆ ಬಲಮುರಿ. ಹೀಗೇಕೆ? ಕೆ.ಆರ್. ಮಾರುಕಟ್ಟೆಯಿಂದ ತಂದ ಹಗ್ಗವೊಂದನ್ನು ಬಿಡಿಸಿ ನೋಡಿ. ಎಳೆಗಳನ್ನು ಒಂದು ಕಡೆಗೆ ಹೊಸೆದು, ಎಲ್ಲವನ್ನೂ ಸೇರಿಸಿ ಇನ್ನೊಂದು ಕಡೆಗೆ ಹೊಸೆದಿರುತ್ತಾರೆ. ಆಗಲೇ ಒಂದರ ಹುರಿ ಬಿಚ್ಚಿಕೊಳ್ಳದಂತೆ ಇನ್ನೊಂದರ ಹುರಿ ತಡೆಯುತ್ತದೆ, ಎಳೆದಷ್ಟೂ ಹಗ್ಗ ಬಿಗಿಯುತ್ತದೆ. ಹಗ್ಗ ಹೊಸೆಯುವವರು ತಲೆತಲಾಂತರದಿಂದ ಬಲ್ಲ ಈ ಉಪಾಯ ನಿಮ್ಮ ಮೊಣಕಾಲಿನಲ್ಲಿಯೂ ಇದೆ! ಒಂಟಿ ಅಣು ತಾನೇ ಮಾಡಲಾಗದ್ದನ್ನು ಹಲವು ಅಣುಗಳು ಬಲಹೀನ ಬಂಧಗಳಿಂದ ಒಂದಾಗಿ ಮಾಡುವ ಇಂಥ ಕೂಟಗಳ ಅಧ್ಯಯನ ಇಂದು ರಸಾಯನಶಾಸ್ತ್ರದ ಒಂದು ದೊಡ್ಡ ಶಾಖೆಯಾಗಿ ಬೆಳೆದಿದೆ.

ಇನ್ನೊಂದು ಸ್ವಾರಸ್ಯವಿದೆ. ನಮ್ಮ ದೇಹದ ಪ್ರೋಟೀನುಗಳು ಅಮೈನೋ ಆಮ್ಲಗಳೆಂಬ ಮಣಿಗಳಿಂದ ಪೋಣಿಸಿದ ಸರಗಳು. ಆ ಮಣಿಗಳು ಒಂದೇ ಕೈಯವು, ಎಡಗೈಯವು. ಎಡ-ಬಲ ಎರಡೂ ಅಲ್ಲದ್ದು ಗ್ಲೈಸಿನ್ ಎಂಬ ಮಣಿ ಮಾತ್ರ. ಎಲ್ಲಕ್ಕಿಂತ ಸಣ್ಣದೂ ಅದೇ. ಕೊಲಾಜೆನ್ನಿನಲ್ಲಿ ಪ್ರತಿ ಮೂರನೆಯ ಮಣಿ ಗ್ಲೈಸಿನ್ ಆಗಿರಲೇಬೇಕು. ಹಗ್ಗದ ನಡುಭಾಗದ ಇಕ್ಕಟ್ಟಿನಲ್ಲಿ ಬೇರೆ ಯಾವುದಕ್ಕೂ ಜಾಗವಿಲ್ಲ. ಹುಟ್ಟಿನಿಂದಲೇ ಒಂದು ಗ್ಲೈಸಿನ್ನಿನ ಸ್ಥಳದಲ್ಲಿ ದೊಡ್ಡ ಮಣಿ ಬಂದು ಕೂತರೆ, ಸಣ್ಣ ಪೆಟ್ಟಿಗೂ ಮೂಳೆ ಮುರಿಯುವ ಕಾಯಿಲೆ ಮಗುವಿಗೆ ಬರಬಹುದು. ಸಿ ಜೀವಸತ್ವ ಸಾಕಷ್ಟು ದೊರೆಯದಿದ್ದರೂ ಈ ಹಗ್ಗ ಸಡಿಲವಾಗುತ್ತದೆ, ವಸಡಿನಲ್ಲಿ ರಕ್ತ ಒಸರುತ್ತದೆ. ನೆಲ್ಲಿಕಾಯಿ, ನಿಂಬೆ, ಸೀಬೆಹಣ್ಣುಗಳನ್ನು ಮಕ್ಕಳಿಗೆ ಕೊಡಿ ಎನ್ನುವುದು ಸುಮ್ಮನೆ ಅಲ್ಲ.

ಟೀಕೆಯನ್ನು ಏನು ಮಾಡಬೇಕು?

ಈ ಕಥೆ ಇಲ್ಲಿಗೆ ಸುಖಾಂತವಾಗಿದ್ದರೆ ರಾಮಚಂದ್ರನ್ ನಮಗೆ ಅಷ್ಟಾಗಿ ಬೇಕಾಗುತ್ತಿರಲಿಲ್ಲವೇನೋ. ಅದೇ 1955ರಲ್ಲಿ ಕೇಂಬ್ರಿಜ್‌ನ ಫ್ರಾನ್ಸಿಸ್ ಕ್ರಿಕ್ ಮತ್ತು ಅಲೆಗ್ಸಾಂಡರ್ ರಿಚ್ ಅವರು ಮದರಾಸಿನ ಮಾದರಿಯಲ್ಲಿ ತಪ್ಪಿದೆ ಎಂದರು. ಡಿ.ಎನ್.ಎ. ರಚನೆಯನ್ನು ಕಂಡು ಆಗಲೇ ಹೆಸರಾಗಿದ್ದವರು ಕ್ರಿಕ್. ಮೂರು ಎಳೆಗಳು, ಹುರಿಯ ಮೇಲೆ ಹುರಿ ಎಂಬುದನ್ನು ಅವರೂ ಒಪ್ಪಿದರು. ಆದರೆ ಎಳೆಗಳ ನಡುವಿನ ಬಂಧಗಳ ಲೆಕ್ಕ ಸರಿಯಿಲ್ಲ, ಕೆಲವು ಪರಮಾಣುಗಳು ಇರಬಾರದಷ್ಟು ಹತ್ತಿರ ಕೂತಿವೆ ಎಂಬುದು ಅವರ ಆಕ್ಷೇಪ. ಸೌಕರ್ಯಗಳು ಕಡಿಮೆಯಿದ್ದ ಪ್ರಯೋಗಾಲಯದಲ್ಲಿ ಹಗಲಿರುಳು ದುಡಿದವರಿಗೆ ಇದು ನೋವಿನ ಮಾತು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ರಾಮಚಂದ್ರನ್ ವಾದಿಸಿದರು, ನಿಜ. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ಪರಮಾಣುಗಳು ನಿಜವಾಗಿ ಎಷ್ಟು ಹತ್ತಿರ ಬರಬಹುದು ಎಂಬ ಮೂಲ ಪ್ರಶ್ನೆಯನ್ನೇ ಎತ್ತಿಕೊಂಡರು. ಸಸಿಶೇಖರನ್ ಮತ್ತು ರಾಮಕೃಷ್ಣನ್ ಎಂಬ ಜೊತೆಗಾರರೊಡನೆ ಅದುವರೆಗೆ ತಿಳಿದಿದ್ದ ಹರಳುಗಳ ಅಳತೆಗಳನ್ನೆಲ್ಲ ಕಲೆಹಾಕಿದರು. ಪ್ರೋಟೀನಿನ ಸರದಲ್ಲಿ ಪ್ರತಿ ಮಣಿಯ ಎರಡೂ ಬದಿಗೆ ಕೀಲಿನಂತೆ ತಿರುಗುವ ಎರಡು ಜಾಗಗಳಿವೆ. ತುಂಬಿದ ಬಸ್ಸಿನಲ್ಲಿ ಮೊಣಕೈ ಚಾಚಿದರೆ ಪಕ್ಕದವರಿಗೆ ತಾಗುವಂತೆ, ಈ ಕೀಲುಗಳನ್ನು ಮನಬಂದಂತೆ ತಿರುಗಿಸಲಾಗದು. ಯಾವ ತಿರುವು ಸಾಧ್ಯ, ಯಾವುದು ಅಸಾಧ್ಯ ಎಂಬುದನ್ನು ಅವರು ಒಂದು ಚೌಕದಲ್ಲಿ ನಕ್ಷೆಯಾಗಿ ಬರೆದರು. 1963ರಲ್ಲಿ ಪ್ರಕಟವಾದ ಆ ನಕ್ಷೆಯೇ ಇಂದು ಲೋಕವಿಖ್ಯಾತವಾದ ರಾಮಚಂದ್ರನ್ ನಕ್ಷೆ. ಮಣಿಗಳು ಎಡಗೈಯವಾದುದರಿಂದ ಪ್ರೋಟೀನಿನ ಅತಿ ಸಾಮಾನ್ಯ ಸುರುಳಿ ಬಲಮುರಿಯೇ ಆಗಿರುವುದು ಆ ನಕ್ಷೆಯಲ್ಲಿ ಕಣ್ಣಿಗೆ ಕಟ್ಟುತ್ತದೆ. ಜಗತ್ತಿನ ಯಾವ ಪ್ರಯೋಗಾಲಯದಲ್ಲಿ ಹೊಸ ಪ್ರೋಟೀನಿನ ರಚನೆ ಬಿಡಿಸಿದರೂ ಅದು ಸರಿಯೇ ತಪ್ಪೇ ಎಂದು ಈ ನಕ್ಷೆಯ ಮೇಲಿಟ್ಟು ನೋಡುತ್ತಾರೆ.

1994ರಲ್ಲಿ ಕೊಲಾಜೆನ್ ಮಾದರಿಯ ಹರಳೊಂದರ ನಿಖರ ಚಿತ್ರ ದೊರೆಯಿತು. ಮೂರೆಳೆಯ ಹಗ್ಗ ರಾಮಚಂದ್ರನ್ ಕಂಡಂತೆಯೇ ಇತ್ತು. ಬಂಧಗಳ ಲೆಕ್ಕದಲ್ಲಿ ಮಾತ್ರ ಕ್ರಿಕ್ ಮತ್ತು ರಿಚ್ ಅವರ ಮಾತು ಸರಿಯಾಗಿತ್ತು. ನೋಡಿ, ಒಂದು ಟೀಕೆ ಅರ್ಧ ನಿಜವಾಗಿದ್ದರೂ ಅದರಿಂದ ಇಡೀ ಲೋಕಕ್ಕೆ ಉಪಕಾರವಾಗುವ ಕೆಲಸ ಹುಟ್ಟಿತು.

ಮರಳಿ ಬೆಂಗಳೂರಿಗೆ

1971ರಲ್ಲಿ ಅವರು ಮತ್ತೆ ನಮ್ಮ ಊರಿನವರಾದರು. ನಿರ್ದೇಶಕ ಸತೀಶ್ ಧವನ್ ಅವರ ಆಹ್ವಾನದಂತೆ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೈವಿಕ ಭೌತವಿಜ್ಞಾನದ ವಿಭಾಗವನ್ನು ಕಟ್ಟಿದರು. ಅದೇ ವರ್ಷ ಎ.ವಿ. ಲಕ್ಷ್ಮೀನಾರಾಯಣನ್ ಅವರೊಡನೆ, ಹಲವು ಕೋನಗಳಿಂದ ತೆಗೆದ ಎಕ್ಸ್-ರೇ ನೆರಳುಗಳನ್ನು ಕೂಡಿಸಿ ಒಳಗಿನ ಚಿತ್ರ ಪಡೆಯುವ ಸುಲಭ ಗಣಿತ ವಿಧಾನವನ್ನು ಪ್ರಕಟಿಸಿದರು. ಆಸ್ಪತ್ರೆಯ ಸಿ.ಟಿ. ಸ್ಕ್ಯಾನ್ ಯಂತ್ರಗಳ ಬೆಳವಣಿಗೆಗೆ ಆ ಬಗೆಯ ಲೆಕ್ಕ ಬಹಳ ನೆರವಾಯಿತು. 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು. ನೊಬೆಲ್ ಪ್ರಶಸ್ತಿ ಬರಲಿಲ್ಲ.

ಮುಪ್ಪು ಅವರಿಗೆ ಸುಲಭವಾಗಿರಲಿಲ್ಲ. ಪಾರ್ಕಿನ್‌ಸನ್ ಕಾಯಿಲೆ ಕಾಡಿತು. ಅರ್ಧ ಶತಮಾನಕ್ಕೂ ಮಿಕ್ಕಿ ಜೊತೆಗಿದ್ದ ಪತ್ನಿ ರಾಜಲಕ್ಷ್ಮಿ 1998ರಲ್ಲಿ ತೀರಿಕೊಂಡರು. ಮರುವರ್ಷ ಹರಳುವಿಜ್ಞಾನದ ಅತಿ ದೊಡ್ಡ ಗೌರವವಾದ ಎವಾಲ್ಡ್ ಪ್ರಶಸ್ತಿ ಬಂದಾಗ ಸಂತೋಷ ಹಂಚಿಕೊಳ್ಳಲು ಆಕೆ ಇರಲಿಲ್ಲ. 2001ರ ಏಪ್ರಿಲ್ 7ರಂದು ಚೆನ್ನೈಯಲ್ಲಿ ರಾಮಚಂದ್ರನ್ ಕಣ್ಮುಚ್ಚಿದರು. ಅವರ ಮಗ ರಮೇಶ್ ನಾರಾಯಣ್ ಹೆಸರಾಂತ ಖಗೋಳ ವಿಜ್ಞಾನಿಯಾಗಿದ್ದಾರೆ.

ಪ್ರಿಯ ತಂದೆತಾಯಂದಿರೇ, ನಿಮ್ಮ ಮನೆಯಲ್ಲಿಯೂ ನೀವು ಬಯಸಿದ ಪರೀಕ್ಷೆಯಲ್ಲಿ ಸೋತ ಮಗುವಿರಬಹುದು. ಬೈಯುವ ಮುನ್ನ ಅದರ ಒಲವು ಯಾವ ಕಡೆಗೆ ಹುರಿಗೊಂಡಿದೆ ಎಂದು ಸ್ವಲ್ಪ ನೋಡಿ. ಬಲಮುರಿಯನ್ನು ಬಲವಂತದಿಂದ ಎಡಮುರಿ ಮಾಡಹೋದರೆ ಎಳೆ ಕಿತ್ತುಹೋದೀತು. ಯಾರಾದರೂ ನಿಮ್ಮ ಕೆಲಸದಲ್ಲಿ ತಪ್ಪು ತೋರಿಸಿದರೆ, ಸಿಟ್ಟು ಇಳಿದ ಮೇಲೆ ಅದನ್ನು ಇನ್ನೊಮ್ಮೆ ಓದಿ ನೋಡಿ. ಮುಂದಿನ ಸಲ ಕೈಜೋಡಿಸುವಾಗ, ಆ ಎರಡು ಕೈಗಳ ಚರ್ಮದೊಳಗೆ ಎಡಕ್ಕೆ ಹೊಸೆದು ಬಲಕ್ಕೆ ಹೆಣೆದ ಕೋಟ್ಯಂತರ ಹಗ್ಗಗಳಿವೆ ಎಂಬುದನ್ನು ನೆನೆಯಿರಿ. ಅದನ್ನು ನಮಗೆ ಬಿಡಿಸಿ ತೋರಿಸಿದವರು ಇದೇ ಮಲ್ಲೇಶ್ವರದ ಮಗ್ಗುಲಲ್ಲಿ ಪಾಠ ಕಲಿತವರು.