ಗುಬ್ಬಿಯ ಹೆಸರು ಕೇಳಲು ಹೋದ ಹುಡುಗ

ಮಕ್ಕಳೇ, ನೀವೆಂದೂ ನೋಡಿರದ ಹಕ್ಕಿಯೊಂದು ಶಾಲೆಯ ಅಂಗಳಕ್ಕೆ ಬಂದರೆ ಅದರ ಹೆಸರನ್ನು ಯಾರ ಬಳಿ ಕೇಳುತ್ತೀರಿ? ನೂರು ವರ್ಷಗಳಿಗೂ ಹಿಂದೆ ಮುಂಬಯಿಯ ಹುಡುಗನೊಬ್ಬನಿಗೆ ಇಂಥದೇ ಪ್ರಶ್ನೆ ಎದುರಾಯಿತು. ಅವನೇ ಮುಂದೆ ಹೆಸರಾಂತ ಪಕ್ಷಿತಜ್ಞರಾದ ಡಾ. ಸಲೀಂ ಅಲಿ.

ಸಲೀಂ ಅಲಿಯವರು ಹುಟ್ಟಿದ್ದು 1896ರ ನವೆಂಬರ್ 12ರಂದು. ಎಳೆಯ ವಯಸ್ಸಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡ ಅವರನ್ನು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಸಾಕಿದರು. ಒಮ್ಮೆ ಬಾಲಕ ಸಲೀಂ ಏರ್‌ಗನ್ನಿನಿಂದ ಒಂದು ಗುಬ್ಬಿಯನ್ನು ಹೊಡೆದ. ಅದರ ಕತ್ತಿನಲ್ಲಿ ಹಳದಿ ಮಚ್ಚೆಯಿತ್ತು. ಮನೆಯ ಗುಬ್ಬಚ್ಚಿಗೆ ಹಾಗಿರುವುದಿಲ್ಲವಲ್ಲ! ಮಾವನಿಗೂ ಅದು ಯಾವುದೆಂದು ತಿಳಿಯಲಿಲ್ಲ. ಅವರು ಪತ್ರ ಕೊಟ್ಟು ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು.

ಇದು 1883ರಲ್ಲಿ ಎಂಟು ಮಂದಿ ನಿಸರ್ಗಪ್ರಿಯರು ಕಟ್ಟಿದ ಸಂಘ. ಅದರ ಕಾರ್ಯದರ್ಶಿ ಮಿಲ್ಲಾರ್ಡ್ ಹುಡುಗನನ್ನು ಗದರಿಸಿ ಕಳುಹಿಸಲಿಲ್ಲ. ಅದು ಹಳದಿ ಕತ್ತಿನ ಗುಬ್ಬಿ ಎಂದು ಗುರುತಿಸಿದರು. ಒಂದೊಂದೇ ಪೆಟ್ಟಿಗೆ ತೆರೆದು, ಸಂಗ್ರಹದಲ್ಲಿದ್ದ ಬಗೆಬಗೆಯ ಗುಬ್ಬಿಗಳನ್ನು ತೋರಿಸಿದರು. ಓದಲು ಪುಸ್ತಕಗಳನ್ನೂ ಕೊಟ್ಟರು. ಹುಡುಗನ ಬದುಕಿನ ದಾರಿ ಅಲ್ಲಿಂದಲೇ ಬದಲಾಯಿತು.

ಆ ದಾರಿ ಸುಲಭವಾಗಿರಲಿಲ್ಲ. ವಿಶ್ವವಿದ್ಯಾಲಯದ ಪದವಿ ಇಲ್ಲದ ಕಾರಣ ಅವರಿಗೆ ಪ್ರಾಣಿ ಸರ್ವೇಕ್ಷಣಾಲಯದಲ್ಲಿ ಕೆಲಸ ಸಿಗಲಿಲ್ಲ. ಜರ್ಮನಿಯಲ್ಲಿ ಪಕ್ಷಿಶಾಸ್ತ್ರ ಕಲಿತು 1930ರಲ್ಲಿ ಮರಳಿದಾಗಲೂ ಕೆಲಸವಿರಲಿಲ್ಲ. ಆದರೂ ಕೈಕಟ್ಟಿ ಕೂರಲಿಲ್ಲ. ಕಡಲ ತೀರದ ಕಿಹಿಂ ಎಂಬ ಹಳ್ಳಿಯಲ್ಲಿ ನೆಲೆಸಿ, ಗೀಜಗ ಹಕ್ಕಿ ಗೂಡು ಹೆಣೆಯುವುದನ್ನು ತಿಂಗಳುಗಟ್ಟಲೆ ನೋಡಿ ಬರೆದರು. ಗಂಡು ಅರ್ಧ ಗೂಡು ಕಟ್ಟುತ್ತದೆ, ಹೆಣ್ಣು ಬಂದು ಪರೀಕ್ಷಿಸುತ್ತದೆ, ಒಪ್ಪಿದರೆ ಮಾತ್ರ ಗಂಡು ಅದನ್ನು ಪೂರ್ತಿಗೊಳಿಸುತ್ತದೆ!

ತಮಗೆ ಸಿಕ್ಕ ತಿಳಿವಳಿಕೆ ಎಲ್ಲರಿಗೂ ಸಿಗಬೇಕೆಂದು ಅವರು 1941ರಲ್ಲಿ ಭಾರತದ ಹಕ್ಕಿಗಳ ಬಗ್ಗೆ ಬಣ್ಣದ ಚಿತ್ರಗಳ ಪುಸ್ತಕವೊಂದನ್ನು ಹೊರತಂದರು. ಅದರಲ್ಲಿ ಹಕ್ಕಿಯ ಗಾತ್ರವನ್ನು ನಾವೆಲ್ಲ ಬಲ್ಲ ಗುಬ್ಬಿ, ಮೈನಾ, ಕಾಗೆಗಳಿಗೆ ಹೋಲಿಸಿ ಹೇಳಿದ್ದಾರೆ. ಹೀಗಾಗಿ ಹಕ್ಕಿಯನ್ನು ಕೊಲ್ಲದೆ, ದೂರದಿಂದಲೇ ನೋಡಿ ಗುರುತಿಸಲು ಜನಸಾಮಾನ್ಯರಿಗೂ ಸಾಧ್ಯವಾಯಿತು.

ತಜ್ಞರಿಗೂ ಜನರ ನೆರವು ಬೇಕು. 1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿತು. ಉಣ್ಣೆಗಳಿಂದ ಹರಡುವ ಈ ರೋಗವನ್ನು ವಲಸೆ ಹಕ್ಕಿಗಳು ದೂರದ ದೇಶದಿಂದ ತಂದಿರಬಹುದೇ ಎಂಬ ಸಂಶಯ ಮೂಡಿತು. 1959ರಲ್ಲಿ ಸಲೀಂ ಅಲಿಯವರ ನೇತೃತ್ವದಲ್ಲಿ ಸೊಸೈಟಿಯು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕಾರ್ಯ ಆರಂಭಿಸಿತು. ಉಂಗುರದ ಮೇಲೆ ಒಂದು ಸಂಖ್ಯೆ ಮತ್ತು ಸೊಸೈಟಿಯ ಹೆಸರು. ಅಂಥ ಹಕ್ಕಿ ಎಲ್ಲಿಯೇ ಸಿಕ್ಕಲಿ, ಸಿಕ್ಕವರು ತಿಳಿಸಿದರೆ ಅದು ಪಯಣಿಸಿದ ದೂರ ಗೊತ್ತಾಗುತ್ತದೆ. ರೈತ, ಮೀನುಗಾರ, ಶಾಲಾ ಬಾಲಕ ಯಾರಾದರೂ ವಿಜ್ಞಾನಕ್ಕೆ ಹೀಗೆ ನೆರವಾಗಬಹುದು.

ಪದ್ಮಭೂಷಣ, ಪದ್ಮವಿಭೂಷಣ ಗೌರವಗಳಿಗೆ ಪಾತ್ರರಾದ ಸಲೀಂ ಅಲಿಯವರು 1987ರಲ್ಲಿ ನಿಧನರಾದರು.

ಮಕ್ಕಳೇ, ನೀವೂ ಒಂದು ನೋಟ್‌ಬುಕ್ ಇಡಿ. ಹೊಸ ಹಕ್ಕಿ ಕಂಡರೆ ದಿನಾಂಕ, ಸ್ಥಳ, ಬಣ್ಣ, ಕೊಕ್ಕಿನ ಆಕಾರ ಬರೆಯಿರಿ. ಅದು ಗುಬ್ಬಿಗಿಂತ ದೊಡ್ಡದೋ, ಕಾಗೆಗಿಂತ ಚಿಕ್ಕದೋ ಎಂಬುದನ್ನೂ ಸೇರಿಸಿ. ಸತ್ತ ಹಕ್ಕಿಯನ್ನು ಮಾತ್ರ ಮುಟ್ಟಬೇಡಿ, ಹಿರಿಯರಿಗೆ ತಿಳಿಸಿ. ಹೆಸರು ಗೊತ್ತಾಗದಿದ್ದರೆ ನಾಚಿಕೊಳ್ಳದೆ ಬಲ್ಲವರನ್ನು ಕೇಳಿ. ನಿಮ್ಮನ್ನು ಯಾರಾದರೂ ಕೇಳಿದರೆ, ಮಿಲ್ಲಾರ್ಡರಂತೆ ಪ್ರೀತಿಯಿಂದ ಹೇಳಿಕೊಡಿ.