ಮಣ್ಣಿನಲ್ಲಿ ರೋಗಮೂಲ ಹುಡುಕಿದ ಎಮ್ಮನ್ಸ್

ಹಿಸ್ಟೋಪ್ಲಾಸ್ಮೋಸಿಸ್ ಎಂಬ ಶಿಲೀಂಧ್ರ ರೋಗವು ಶ್ವಾಸಕೋಶದಲ್ಲಿ ಉಳಿಸುವ ಕಲೆಗಳನ್ನು ಅಮೆರಿಕದ ವೈದ್ಯರು ಬಹುಕಾಲ ಕ್ಷಯದ ಗುರುತೆಂದೇ ಭಾವಿಸಿದ್ದರು. ಆದರೆ ಇದು ಕ್ಷಯದಂತೆ ಒಬ್ಬರಿಂದೊಬ್ಬರಿಗೆ ಹರಡುವ ರೋಗವಲ್ಲ. ಹಾಗಾದರೆ ಬರುವುದೆಲ್ಲಿಂದ? ಉತ್ತರ ಕಾಲಡಿಯಲ್ಲೇ ಇತ್ತು. 1949ರಲ್ಲಿ ಆ ಶಿಲೀಂಧ್ರವನ್ನು ಮಣ್ಣಿನಿಂದ ಬೇರ್ಪಡಿಸಿ ತೋರಿಸಿದವರು ಚೆಸ್ಟರ್ ಎಮ್ಮನ್ಸ್.

1900ರಲ್ಲಿ ಜನಿಸಿದ ಎಮ್ಮನ್ಸ್, 1936ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯನ್ನು ಸೇರಿದರು. ಅಲ್ಲಿನ ಮೊದಲ ವೈದ್ಯಕೀಯ ಶಿಲೀಂಧ್ರ ತಜ್ಞ ಅವರೇ.

ಮಣ್ಣನ್ನು ನೇರವಾಗಿ ಪ್ರಯೋಗಾಲಯದ ತಟ್ಟೆಗೆ ಹಾಕಿದರೆ ಬೇಗ ಬೆಳೆಯುವ ನಿರುಪದ್ರವಿ ಬೂಷ್ಟುಗಳೇ ಎಲ್ಲೆಡೆ ಆವರಿಸಿ, ನಿಧಾನವಾಗಿ ಬೆಳೆಯುವ ರೋಗಕಾರಕ ಕಾಣದಾಗುತ್ತದೆ. ಎಮ್ಮನ್ಸ್ ಮಣ್ಣನ್ನು ಲವಣಜಲದಲ್ಲಿ ಕಲಕಿ, ಮೇಲಿನ ತಿಳಿಯನ್ನು ಇಲಿಗಳ ಉದರಕ್ಕೆ ಚುಚ್ಚಿದರು. ದೇಹದ ಬಿಸಿಯಲ್ಲಿ ಬಹುತೇಕ ಬೂಷ್ಟು ನಶಿಸಿ ರೋಗಕಾರಕ ಉಳಿಯಿತು. ವಾರಗಳ ಬಳಿಕ ಯಕೃತ್ತು, ಗುಲ್ಮಗಳಿಂದ ಅದನ್ನು ಬೆಳೆಸಿದರು. ಇಲಿಗಳ ಪಾಲಿಗೆ ಕಠೋರವಾದ ಜರಡಿ ಅದು.

ಶಿಲೀಂಧ್ರ ಸಿಕ್ಕಿದ್ದು ವರ್ಜೀನಿಯಾದಲ್ಲಿ, ಕೋಳಿಗೂಡಿನ ಅಂಚಿನ ಇಲಿಬಿಲದ ಬಳಿಯ ಮಣ್ಣಿನಲ್ಲಿ. 1951ರಲ್ಲಿ, ಮಿದುಳಿನ ಪೊರೆಗೆ ಉರಿಯೂತ ತರುವ ಕ್ರಿಪ್ಟೋಕಾಕಸ್ ಕೂಡ ಮಣ್ಣಿನಲ್ಲಿರುವುದನ್ನು ತೋರಿಸಿದರು. 1955ರ ಹೊತ್ತಿಗೆ ಅದರ ದೊಡ್ಡ ನೆಲೆಯೂ ಪತ್ತೆಯಾಯಿತು: ಪಾರಿವಾಳಗಳ ಹಿಕ್ಕೆ. ಅದು ಒಣಗಿ ಧೂಳಾದಾಗ ಉಸಿರಿನೊಡನೆ ರೋಗಕಾರಕವೂ ಒಳಸೇರುತ್ತದೆ. ಎಚ್‌ಐವಿ ಸೋಂಕಿತರಂತಹ ದುರ್ಬಲರಿಗೆ ಅದು ಪ್ರಾಣಾಂತಿಕ.

ಎಮ್ಮನ್ಸ್ 1985ರಲ್ಲಿ ನಿಧನರಾದರು.